ಅವಳ ಪಕ್ಕದ ಚೌಕ

"ಇನ್ಯಾರನ್ನಾದ್ರೂ ಮದುವೆ ಆಗ್ತಿದೀಯಾ? ಅಷ್ಟು ಹೇಳ್ಬಿಡು, ಹೊರಟ್ಹೋಗ್ತೀನಿ!"

ಆಶ್ರಿತಾ ತಲೆಯೆತ್ತಿದಳು. ಇಂದಿರಾನಗರದ ಆಸ್ಪತ್ರೆಯ ಬೆಂಚಿನ ಮುಂದೆ ಶ್ರೀಹರಿ ನಿಂತಿದ್ದ. ನಿಶ್ಚಿತಾರ್ಥವಾಗಿ ಹನ್ನೆರಡೇ ದಿನಕ್ಕೆ 'ಈ ಮದುವೆ ಬೇಡ' ಎಂದು ಒಂದೇ ಒಂದು ಮೆಸೇಜ್ ಕಳಿಸಿ ಅವಳು ದೂರ ಮಾಡಿದ್ದ ಹುಡುಗ.

ಎದೆ ಹೊಡೆದುಕೊಳ್ಳಬೇಕಿತ್ತು. ಏನೂ ಆಗಲಿಲ್ಲ... ಹಲ್ಲು ಕೀಳಿಸಿಕೊಂಡು ಬಂದ ದಿನದ ದವಡೆಯಂತೆ ಅವಳ ಮನಸ್ಸು ಮರಗಟ್ಟಿತ್ತು.

"ಇಲ್ಲಿದೀನಿ ಅಂತ ಯಾರು ಹೇಳಿದ್ರು?"

"ನಿಮ್ಮಮ್ಮ. ಹಲಸೂರಿನ ಮನೆಗೇ ಹೋಗಿದ್ದೆ. ಆಸ್ಪತ್ರೆ ಅಂದ್ರು, ಕಣ್ಣೊರೆಸ್ಕೊಂಡ್ರು, ಅಷ್ಟೇ."

ಅವಳು ಮಡಿಲಲ್ಲಿದ್ದ ಹಾಳೆಯನ್ನು ಅವನ ಕೈಗಿಟ್ಟಳು. ಜೆನೆಟಿಕ್ ಕೌನ್ಸೆಲರ್ ಈಗಷ್ಟೇ ಬರೆದುಕೊಟ್ಟ ಅವಳ ವಂಶದ ನಕ್ಷೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಕಿಡ್ನಿ ಕ್ಯಾನ್ಸರ್ ಬಂದವರಿಗೆ ಕಪ್ಪು ಮಸಿ.

"ಇದು ಅಪ್ಪ. ನಲವತ್ನಾಲ್ಕಕ್ಕೆ ಹೋದ್ರು. ಇದು ಹಂಸತ್ತೆ, ಅಪ್ಪನಿಗಿಂತ ಮುಂಚೇನೇ..." ಬೇರೆ ಯಾರದೋ ಮನೆಯ ಸುದ್ದಿಯಂತೆ ಹೇಳಿದಳು. "ಗೆಡ್ಡೆ ಬೆಳೀದ ಹಾಗೆ ತಡೆಯೋ ಜೀನ್ ಎಲ್ಲರಿಗೂ ಎರಡು ಪ್ರತಿ ಇರುತ್ತಂತೆ. ನಂಗೆ ಅಪ್ಪನಿಂದ ಬಂದಿರೋದು ಹುಟ್ಟಿನಿಂದಲೇ ಕೆಟ್ಟಿದೆ ಅಂತ ರಕ್ತ ಪರೀಕ್ಷೇಲಿ ಬಂದಿದೆ. ಯಾವತ್ತಾದ್ರೂ ಇನ್ನೊಂದೂ ಕೆಟ್ರೆ..."

"ಈಗ ಕ್ಯಾನ್ಸರ್ ಇದೆಯಾ?"

"ಗೊತ್ತಿಲ್ಲ. ಬಂದೇ ಬರುತ್ತೆ ಅಂತಿಲ್ಲ. ವರ್ಷ ವರ್ಷ ಸ್ಕ್ಯಾನ್ ಮಾಡಿಸ್ಬೇಕು, ಸಣ್ಣದಿದ್ದಾಗಲೇ ಸಿಕ್ರೆ ತೆಗೀಬಹುದು. ಆದ್ರೆ ನನ್ನ ಮಕ್ಕಳಿಗೂ ಹೋಗೋ ಸಾಧ್ಯತೆ ಅರ್ಧಕ್ಕರ್ಧ. ಸಾಕಾ? ಈಗ ಹೋಗು."

ಅವನು ಹೋಗಲಿಲ್ಲ. ಪಕ್ಕದಲ್ಲೇ ಕುಳಿತ.

"ಅತ್ತೆದು ಗೊತ್ತಿದ್ದೂ ನಿಮ್ಮಪ್ಪ ಯಾಕೆ ಚೆಕ್ ಮಾಡಿಸ್ಲಿಲ್ಲ?"

"ಗೊತ್ತಿದ್ರೆ ತಾನೇ? ಮದುವೆಗಿರೋ ಹೆಣ್ಮಕ್ಕಳ ಮನೆ ಅಂತ ಅಜ್ಜಿ ಎಲ್ಲರಿಗೂ 'ಕಿಡ್ನಿ ಕಲ್ಲು' ಅಂದಿದ್ರು. ನಮ್ಮ ನಿಶ್ಚಿತಾರ್ಥ ಆದ ವಾರಕ್ಕೆ ಅತ್ತೆಯ ಹಳೇ ರಿಪೋರ್ಟ್ ಸಿಕ್ತು."

"ಅಜ್ಜಿ ಮುಚ್ಚಿಟ್ಟು ಮಗನ್ನ ಕಳ್ಕೊಂಡ್ರು. ನೀನೂ ಮುಚ್ಚಿಟ್ಟೆ ಅಲ್ವಾ, ಆಶ್ರಿ?"

ಇಷ್ಟು ದಿನ ಅಜ್ಜಿಯನ್ನು ಬೈದುಕೊಂಡಿದ್ದೇ ಬಂತು... ತಾನು ಮಾಡಿದ್ದೂ ಅದೇ ಕೆಲಸ!

ಶ್ರೀಹರಿ ಪೆನ್ನು ತೆಗೆದು ಅವಳ ವೃತ್ತದ ಪಕ್ಕ ಒಂದು ಚೌಕ ಬರೆದ. ನಕ್ಷೆಯಲ್ಲಿ ಅವಳ ಅಪ್ಪ ಅಮ್ಮನ ನಡುವೆ ಇದ್ದಂಥದೇ ಗೆರೆಯನ್ನು ಎರಡರ ನಡುವೆ ಎಳೆದ. ಚೌಕ ಸೊಟ್ಟಗಿತ್ತು.

"ಏನ್ ಮಾಡ್ದೆ! ಇದನ್ನ ಡಾಕ್ಟರಿಗೆ ತೋರಿಸ್ಬೇಕು ಕಣೋ!"

"ತೋರಿಸು. ಮಕ್ಕಳ ವಿಷಯ ಅವ್ರನ್ನೇ ಕೇಳಿ ಯೋಚಿಸೋಣ. ನಂಗೂ ಭಯ ಆಗ್ತಿದೆ... ಆದ್ರೆ ನೀನಿಲ್ದೇ ಇರೋದು ಹೇಗಿರುತ್ತೆ ಅಂತ ಒಂದೂವರೆ ತಿಂಗಳು ನೋಡ್ಬಿಟ್ಟೆ. ನನ್ನಿಂದಾಗಲ್ಲ. ಸ್ಕ್ಯಾನ್ ಯಾವತ್ತು?"

"ಗುರುವಾರ. ಖಾಲಿ ಹೊಟ್ಟೇಲಿ ಬರ್ಬೇಕಂತೆ."

"ಸರಿ. ನಾನೂ ಏನೂ ತಿನ್ನಲ್ಲ."

"ನಿಂಗ್ಯಾಕೋ ಉಪವಾಸ?"

"ಮುಗಿದ್ಮೇಲೆ ಒಟ್ಟಿಗೆ ತಿನ್ನೋಣ ಅಂತ."

ಇಷ್ಟು ದಿನ ಬಾರದ ಅಳು ಆಗ ಬಂತು. ಅವಳು ಅವನ ತೋಳಿಗೆ ಮುಖ ಒತ್ತಿ, ಓಡಾಡುವವರ ಪರಿವೆಯಿಲ್ಲದೆ ಬಿಕ್ಕಿ ಬಿಕ್ಕಿ ಅತ್ತಳು.

"ಬೆಳಿಗ್ಗೆ ಎಂಟಕ್ಕೆ," ಎಂದಳು ಕೊನೆಗೆ. "ಲೇಟ್ ಮಾಡ್ಬೇಡ."

"ಇಲ್ಲ ಕಣೇ."