ಎರಡು ಮಾರು ಕೇಬಲ್

ಭಾನುವಾರ ಬೆಳಿಗ್ಗೆ ಮಹಡಿಯಿಂದ ಕೂಗು ಕೇಳಿಸಿತು.

"ಬೇಗ ಬಾರೇ! ಅಪ್ಪನ ಕೇಬಲ್ ಕತ್ತರಿಸಿಬಿಟ್ಟಿದ್ದಾರೆ!"

ಕೂಗಿದ್ದು ಗಂಡ. ಕರೆದದ್ದು ಹೆಂಡತಿಯನ್ನು. ಅವಳು ಪೊಲೀಸ್ ಇನ್ಸ್‌ಪೆಕ್ಟರ್. ಅಪರೂಪಕ್ಕೆ ಸಿಕ್ಕ ರಜೆಯಲ್ಲಿ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದಳು. ಘಟನೆ ನಡೆದ ಜಾಗಕ್ಕೆ ಓಡಿ ಹೋಗುವವರು ಸಾಕ್ಷ್ಯವನ್ನು ತುಳಿದು ಹಾಳುಮಾಡುತ್ತಾರೆ ಎಂದು ಠಾಣೆಯಲ್ಲಿ ಎಲ್ಲರಿಗೂ ಬೈದು ಬೈದು, ಓಡದೆ ಹೋಗುವುದು ಅವಳಿಗೇ ಅಭ್ಯಾಸವಾಗಿತ್ತು. ಲೋಟ ಬರಿದು ಮಾಡಿಯೇ ಮೆಟ್ಟಿಲು ಹತ್ತಿದಳು.

ಮಹಡಿಯ ಕೋಣೆ ಈಗ ಹೋಮ್ ಥಿಯೇಟರ್. ಒಂದು ಗೋಡೆಗೆ ಬಿಳಿ ಪರದೆ. ಅದರ ಪಕ್ಕದ ಕಪಾಟಿನಲ್ಲಿ ಆಂಪ್ಲಿಫೈಯರ್. ಎದುರು ಗೋಡೆಯಲ್ಲಿ, ಸೋಫಾದ ಹಿಂದೆ, ವೂಫರ್ ಪೆಟ್ಟಿಗೆ. ಗುಡುಗಿನಂಥ ದಪ್ಪ ಶಬ್ದವೆಲ್ಲ ಬರುವುದು ಅದರಿಂದ. ಎರಡರ ನಡುವೆ ಬಾಲ್ಕನಿಯ ಬಾಗಿಲು. ಕಪಾಟಿನಿಂದ ಹೊರಟ ಕೇಬಲ್ ಗೋಡೆಯ ಬುಡದಲ್ಲಿ ಸಾಗಿ, ಬಾಗಿಲ ಚೌಕಟ್ಟನ್ನು ಹತ್ತಿ ಇಳಿದು, ವೂಫರ್ ಮುಟ್ಟಬೇಕು. ಸಂಜೆಗೆ ಮೊದಲ ಪ್ರದರ್ಶನ.

"ಗೋಡೆಗೆ ಹೊಡೆಯೋಣ ಅಂತ ಈ ತುದಿ ಹಿಡಿದು ಎಳೆದೆ. ಕಾಲುಚೀಲದಿಂದ ಕಾಲು ಬಂದ ಹಾಗೆ ಅರ್ಧ ಕೇಬಲ್ ಆಚೆ ಬಂತು!" ಎಂದ ಗಂಡ.

ಕೇಬಲ್‌ಗೆ ನಿಜಕ್ಕೂ ಚೀಲವಿತ್ತು. ಅದು ಅತ್ತೆಯ ಕೈಕೆಲಸ. "ಕರಿ ಹಾವಿನಂಥದ್ದು ನನ್ನ ಗೋಡೆ ಮೇಲೆ ಹರಿಯೋದು ಬೇಡ" ಎಂದು ಗೋಡೆಯ ಬಣ್ಣದ್ದೇ ದಾರ ತಂದು, ಕ್ರೋಶಾ ಕಡ್ಡಿಯಲ್ಲಿ ಉದ್ದನೆಯ ಹೊದಿಕೆ ಹೆಣೆದು ತೊಡಿಸಿದ್ದರು.

ಮಾವ ಸೋಫಾದ ತುದಿಯಲ್ಲಿ ಕೂತಿದ್ದರು. ಕಟ್ಟಡಗಳ ನಕ್ಷೆ ಬರೆಯುವ ಕೆಲಸದಿಂದ ನಿವೃತ್ತರಾದವರು. ಕೇಬಲ್ ಮಾಡಿದ್ದು ಅವರೇ, ಸ್ವಂತ ಕೈಯಿಂದ. ನೆಲದ ಮೇಲೆ ಅದರ ಎರಡು ತುಂಡುಗಳು ಸುರುಳಿ ಸುತ್ತಿ ಬಿದ್ದಿದ್ದವು.

"ಎಂಥಾ ಕೆಲಸ ಆಯ್ತು ನೋಡಮ್ಮ. ಕತ್ತರಿಸಿದ್ದಲ್ಲದೆ ನಡುವಿನಿಂದ ಎರಡು ಮಾರು ಹೊತ್ತುಕೊಂಡೂ ಹೋಗಿದಾರೆ," ಎಂದರು.

ಗಂಡ ತುಂಡುಗಳನ್ನು ಬಿಡಿಸಿ ಗೋಡೆಗುಂಟ ಹಿಡಿದು ನೋಡಿದ. ಹೌದು, ವೂಫರ್ ಮುಟ್ಟಲಿಲ್ಲ. ಸರಿಯಾಗಿ ಎರಡು ಮಾರು ಕಡಿಮೆ.

"ಇದು ಯಾರ ಕೆಲಸ ಅಂತ ನನಗೆ ಗೊತ್ತು," ಎಂದ ಗಂಡ. ಹೆಂಡತಿಯ ಮುಖ ಮಾತ್ರ ನೋಡಲಿಲ್ಲ.

* * *

ಗೊತ್ತು ಎಂದದ್ದು ಅವಳ ತಮ್ಮನ ಬಗ್ಗೆ.

ತಮ್ಮನಿಗೆ ಎಲ್ಲರೂ ಇಟ್ಟ ಹೆಸರು ಪ್ಯಾಕೆಟ್. ಅಂಗಡಿಯ ಪ್ಯಾಕೆಟ್ಟಿನಲ್ಲಿ ಬಂದದ್ದನ್ನು ಬಿಟ್ಟು ಬೇರೆ ಯಾವುದನ್ನೂ ನಂಬುವ ಆಸಾಮಿಯಲ್ಲ. ಅಕ್ಕನ ಮದುವೆಯ ದಿನ ಮಾವ ಕೈಯಾರೆ ಕಟ್ಟಿದ ಮೈಕ್ ಸೆಟ್ಟು ಎಲ್ಲರೆದುರು ಕೀರಲು ದನಿಯಲ್ಲಿ ಅರಚಿಕೊಂಡಿತ್ತು. ಪ್ಯಾಕೆಟ್ ಹೊಟ್ಟೆ ಹಿಡಿದು ನಕ್ಕಿದ್ದ. ಮಾವ ಅವನೊಂದಿಗೆ ಮಾತು ಬಿಟ್ಟರು. ಅವನು ಈ ಮನೆಯ ಹೊಸಿಲು ತುಳಿಯುವುದನ್ನೇ ಬಿಟ್ಟ. ತಮ್ಮನನ್ನು ನೋಡಬೇಕಾದರೆ ಅಕ್ಕ ಒಬ್ಬಳೇ ಬಸ್ಸು ಹತ್ತಿ ಹೋಗಿ ಬರುತ್ತಿದ್ದಳು. ಅತ್ತೆ ಎರಡೂ ಕಡೆ ಬೇಡಿಕೊಂಡು, ಅಂತೂ ಇಂತೂ ನಿನ್ನೆ ಅವನನ್ನು ಕರೆಸಿದ್ದರು.

ನಿನ್ನೆ ರಾತ್ರಿ ಊಟದ ಹೊತ್ತಿಗೆ ಎಲ್ಲ ಸುಗಮವಾಗಿಯೇ ಇತ್ತು. ಪ್ಯಾಕೆಟ್ ಚೀಲದಿಂದ ಉಡುಗೊರೆ ತೆಗೆಯುವವರೆಗೆ. ಉಡುಗೊರೆ ಏನು? ಅಂಗಡಿಯ ವೂಫರ್ ಕೇಬಲ್!

"ಇರಲಿ ಅಂತ ತಂದೆ ಮಾವ. ಕೈಯಲ್ಲಿ ಮಾಡಿದ್ದು ಗುಂಯ್ ಅಂದ್ರೆ ಬೇಕಾಗುತ್ತಲ್ಲ."

ಮಾವನಿಗೆ ಎಲ್ಲಿಲ್ಲದ ರೋಷ ಬಂತು. "ಇಷ್ಟುದ್ದ ಎಳೆದರೆ ಗುಂಯ್ ಅನ್ನೋದು ಯಾಕೆ ಗೊತ್ತೇನಯ್ಯಾ? ಪಕ್ಕದ ಕರೆಂಟು ವೈರಿನ ಗದ್ದಲವನ್ನೆಲ್ಲ ಕೇಬಲ್ಲು ಹೀರಿಕೊಳ್ಳುತ್ತೆ. ನಾನು ಒಳಗೆ ಎರಡು ಎಳೆ ಹೊಸೆದಿರೋ, ಮೇಲೆ ತಾಮ್ರದ ಜಾಲರಿ ಇರೋ ಕೇಬಲ್ ಆರಿಸಿ ತಂದಿದೀನಿ. ಜಾಲರಿಗೆ ಆಂಪ್ಲಿಫೈಯರ್ ಕಡೆ ಮಾತ್ರ ಬೆಸುಗೆ. ಆ ಕಡೆ ಬಿಟ್ಟಿದೀನಿ. ಎರಡೂ ಕಡೆ ಹಾಕಿದರೆ ಅದೇ ಗುಂಯ್ ಅನ್ನೋಕೆ ಶುರುಮಾಡುತ್ತೆ. ಅಳತೆ ಅಂತೂ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಾಳೆ ನೋಡು!"

ಆ ನಾಳೆ ಹೀಗೆ ಬಂದಿತ್ತು.

ಇನ್ಸ್‌ಪೆಕ್ಟರ್ ಕೆಳಗಿನ ಕೋಣೆಗೆ ಬಂದಾಗ ಪ್ಯಾಕೆಟ್ ಅಂಗಿಗಳನ್ನು ಚೀಲಕ್ಕೆ ತುರುಕುತ್ತಿದ್ದ. ಮಂಚದ ಪಕ್ಕದ ಸ್ಟೂಲಿನ ಮೇಲೆ ಮಾವನ ಕಟಿಂಗ್ ಪ್ಲೇಯರ್ ಇತ್ತು.

"ಇದು ಇಲ್ಲಿಗೆ ಹೇಗೆ ಬಂತೋ?"

"ರಾತ್ರಿ ಚಾರ್ಜರ್ ಪ್ಯಾಕೆಟ್ ಒಡೆಯೋಕೆ ಭಾವನ ಹತ್ರ ಇಸ್ಕೊಂಡಿದ್ದೆ. ಈಗ ಭಾವನೇ ಅದನ್ನ ಸಾಕ್ಷಿ ಅಂತಿದ್ದಾರೆ. ನೀನೂ ನನ್ನನ್ನೇ ಕೇಳ್ತೀಯಾ ಅಕ್ಕ?"

"ಕೇಳೋದು ನನ್ನ ಕೆಲಸ. ಕತ್ತರಿಸಿದ್ಯಾ?"

"ಇಲ್ಲ."

"ಸರಿ. ಬಸ್ಸಿಗೆ ಇನ್ನೂ ಹೊತ್ತಿದೆ. ಕೂತ್ಕೋ."

"ಮಧ್ಯಾಹ್ನದ ಬಸ್ಸಿಗೆ ಹೋಗೋದು ಹೋಗೋದೇ. ಈ ಸಲ ಹೋದರೆ ಮತ್ತೆ ಕರೀಬೇಡ."

ಕಳ್ಳನನ್ನು ಹಿಡಿಯದಿದ್ದರೆ ಠಾಣೆಯಲ್ಲಿ ಒಂದು ಕೇಸು ಬಾಕಿ ಉಳಿಯುತ್ತದೆ, ಅಷ್ಟೇ. ಇಲ್ಲಿ ತಮ್ಮನೇ ಕೈತಪ್ಪಿ ಹೋಗುತ್ತಿದ್ದ.

* * *

ಇನ್ನೊಬ್ಬ ಅನುಮಾನಿತರು ಥಿಯೇಟರ್ ಕೋಣೆಗೆ ಸರಿಯಾಗಿ ಕೆಳಗಿರುವ ಬಾಡಿಗೆ ಮನೆಯ ಸಂಗೀತದ ಮೇಷ್ಟ್ರು. ವೂಫರ್ ಬಂದ ದಿನವೇ "ನನ್ನ ತಲೆ ಮೇಲೆ ಗುಡುಗು ಸಾಕ್ತೀರಾ?" ಎಂದು ಮೆಟ್ಟಿಲಲ್ಲಿ ನಿಂತು ಜಗಳ ಕಾದವರು.

ಇನ್ಸ್‌ಪೆಕ್ಟರ್ ಬಾಗಿಲು ತಟ್ಟಿದಳು. ಮೇಷ್ಟ್ರು ಊರುಗೋಲು ಹಿಡಿದು ಬಂದರು. ಕಾಲಿಗೆ ಬ್ಯಾಂಡೇಜು. ಅವಳು ಕೇಬಲ್ ವಿಷಯ ಹೇಳಿದಳು.

"ಕತ್ತರಿಸಬೇಕು ಅಂತ ಆಸೆಯೇನೋ ಇತ್ತು," ಎಂದರು ಮೇಷ್ಟ್ರು ಯಾವ ಸಂಕೋಚವೂ ಇಲ್ಲದೆ. "ಆದರೆ ನಿಮ್ಮ ಮಾವ ಸಂಜೆ ಮುಂದಿನ ಸಾಲಲ್ಲಿ ಕೂರಿಸ್ತೀನಿ ಅಂದ್ರು. ಮನಸ್ಸು ಕರಗಿಹೋಯ್ತು. ಈ ಕಾಲಲ್ಲಿ ಹೇಗೆ ಹತ್ತೋದು ಅನ್ನೋದೇ ಈಗ ಯೋಚನೆ."

"ಬೆಳಿಗ್ಗೆ ಮೇಲೆ ಏನಾದರೂ ಸದ್ದು ಕೇಳಿಸ್ತಾ?"

"ನಿಮ್ಮ ಮಾವ ಓಡಾಡ್ತಿದ್ದರು. ಅವರ ಚಪ್ಪಲಿ ಸದ್ದು ನನಗೆ ಗೊತ್ತಲ್ಲ. ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ. ಆಮೇಲೆ ಬಹಳ ಹೊತ್ತು ಸದ್ದೇ ಇಲ್ಲ."

ಇನ್ಸ್‌ಪೆಕ್ಟರ್ ಮರಳಿ ಮಹಡಿ ಹತ್ತಿದಳು.

* * *

ಕೋಣೆಯಲ್ಲಿ ಈಗ ಯಾರೂ ಇರಲಿಲ್ಲ. ಅವಳು ನೆಲದ ಮೇಲೆ ಕೂತು ಕತ್ತರಿಸಿದ ತುದಿಗಳನ್ನು ಬೆಳಕಿಗೆ ಹಿಡಿದಳು. ಪ್ಲೇಯರಿನಲ್ಲಿ ಅದುಮಿದ್ದರೆ ತುದಿ ಚಪ್ಪಟೆಯಾಗಿರಬೇಕಿತ್ತು. ಇದು ಗುಂಡಗೇ ಇತ್ತು. ಯಾರೋ ಬ್ಲೇಡಿನಿಂದ ಮೊದಲು ಮೇಲಿನ ಸಿಪ್ಪೆಯನ್ನು ಸುತ್ತಲೂ ಕೊಯ್ದು, ಆಮೇಲೆ ಜಾಲರಿ, ಆಮೇಲೆ ಎಳೆಗಳನ್ನು ನಿಧಾನವಾಗಿ ಕತ್ತರಿಸಿದ್ದರು.

ಕೇಬಲ್ಲಿನ ಸಿಪ್ಪೆಯ ಮೇಲೆ ಮೀಟರಿಗೊಂದರಂತೆ ಅಂಕಿ ಅಚ್ಚಾಗಿತ್ತು. ಇಷ್ಟು ದಿನ ಹೊದಿಕೆಯೊಳಗೆ ಅಡಗಿದ್ದರಿಂದ ಯಾರೂ ಗಮನಿಸಿರಲಿಲ್ಲ. ಅವಳು ಎರಡು ತುದಿಗಳನ್ನು ಒಂದಕ್ಕೊಂದು ತಾಗಿಸಿಟ್ಟಳು. ಆಚೆಯ ಅಂಕಿಯಿಂದ ಈಚೆಯ ಅಂಕಿಗೆ ಟೇಪು ಹಿಡಿದಳು. ಅವಳ ಹುಬ್ಬು ಮೇಲೇರಿತು.

ಕೊನೆಗೆ ಅತ್ತೆಯ ಹೊದಿಕೆಯನ್ನು ಕೈಗೆತ್ತಿಕೊಂಡಳು. ಉದ್ದಕ್ಕೂ ಬೆರಳಾಡಿಸಿದಳು. ಒಂದು ಎಳೆಯೂ ಹರಿದಿರಲಿಲ್ಲ.

ಅಡುಗೆಮನೆಗೆ ಹೋಗಿ ಕೇಳಿದಳು, "ಅತ್ತೆ, ಹೊದಿಕೆಗೆ ಅಳತೆ ಹೇಗೆ ತಗೊಂಡ್ರಿ?"

"ಹೇಗೆ ಅಂದ್ರೆ? ದಾರ ಹಿಡಿದು ಗೋಡೆಗುಂಟ ಹೋದೆ. ಬಾಗಿಲು ಹತ್ತಿಸಿ ಇಳಿಸಿದೆ. ಸ್ಟೂಲ್ ಹಾಕ್ಕೊಂಡು! ಆದರೂ ಜಾಸ್ತಿ ಆಯ್ತಂತೆ. ತೊಡಿಸಿದ ದಿನ ಸುಕ್ಕು ಸುಕ್ಕಾಗಿತ್ತು. ನಿಮ್ಮ ಮಾವ ಎಷ್ಟು ಆಡ್ಕೊಂಡು ನಕ್ಕರು ಗೊತ್ತಾ? ಹೆಂಗಸರ ಅಳತೆ ಅಂತೆ!"

"ಅವರು ಅಳತೆ ಹೇಗೆ ತಗೊಂಡ್ರು?"

"ನಕ್ಷೆ ಬರೆದ್ರು. ನಕ್ಷೆ ಇಲ್ದೆ ನಿಮ್ಮ ಮಾವ ಒಂದು ಮೊಳೆನೂ ಹೊಡಿಯಲ್ಲ."

ಇನ್ಸ್‌ಪೆಕ್ಟರ್ ನಕ್ಕಳು. ಬೆಳಗಿನಿಂದ ಅದೇ ಮೊದಲ ನಗು.

* * *

ಎಲ್ಲರನ್ನೂ ಮಹಡಿಗೆ ಕರೆಸಿದಳು. ಪ್ಯಾಕೆಟ್ ಚೀಲ ಹೆಗಲಿಗೇರಿಸಿಕೊಂಡೇ ಬಂದು ಬಾಗಿಲಲ್ಲಿ ನಿಂತ. ಗಂಡ ಪ್ಲೇಯರ್ ಹಿಡಿದಿದ್ದ.

"ಅದನ್ನ ಕೆಳಗಿಡಿ ಮೊದಲು," ಎಂದಳು ಗಂಡನಿಗೆ. "ಇದು ಪ್ಲೇಯರ್ ಕೆಲಸ ಅಲ್ಲ, ಬ್ಲೇಡ್ ಕೆಲಸ. ಹಾಳು ಮಾಡೋಕೆ ಬಂದವನು ಹೀಗೆ ಪದರ ಪದರವಾಗಿ ಕೊಯ್ಯಲ್ಲ. ಕೇಬಲ್ ಸುಲಿದು ರೂಢಿ ಇರೋ ಕೈ ಇದು."

ಗಂಡ ಪ್ಲೇಯರನ್ನು ಸೋಫಾದ ಮೇಲಿಟ್ಟ.

"ಎರಡನೇದು, ಹೊದಿಕೆ. ಪ್ಯಾಕೆಟ್ ಕತ್ತರಿಸಿದ್ದರೆ ಹೊದಿಕೆ ಸಮೇತ ಒಂದೇ ಏಟಿಗೆ ಕತ್ತರಿಸುತ್ತಿದ್ದ. ಈ ಅಪರಾಧಿ ಹೊದಿಕೆಯನ್ನು ತುದಿಯಿಂದ ಜೋಪಾನವಾಗಿ ಹಿಂದಕ್ಕೆ ಸರಿಸಿ, ಕೇಬಲ್ ಕೊಯ್ದು, ಮತ್ತೆ ಮುಂದಕ್ಕೆ ಎಳೆದು ಮುಚ್ಚಿದಾನೆ. ಅತ್ತೆಯ ಹೆಣಿಗೆಗೆ ಕತ್ತರಿ ಹಾಕೋಕೆ ಇಷ್ಟು ಹೆದರೋರು ಈ ಮನೇಲಿ ಎಷ್ಟು ಜನ?"

ಅತ್ತೆ ಮೆಲ್ಲಗೆ ಗಂಡನ ಕಡೆ ತಿರುಗಿದರು.

"ಮೂರನೇದು. ನಡುವಿನಿಂದ ಎರಡು ಮಾರು ಹೋಗಿದೆ ಅಂದ್ರಲ್ಲ. ಹೋಗಿಲ್ಲ. ತುದಿಗೆ ತುದಿ ಕೂಡಿಸಿದರೆ ಈ ಅಂಕಿಯಿಂದ ಅದರ ಮುಂದಿನ ಅಂಕಿಗೆ ಸರಿಯಾಗಿ ಒಂದು ಮೀಟರ್. ಬೆರಳಷ್ಟೂ ಕಳುವಾಗಿಲ್ಲ. ಅಂದ್ರೆ ಕತ್ತರಿಸೋಕೆ ಮುಂಚೆಯೇ ಕೇಬಲ್ ಎರಡು ಮಾರು ಗಿಡ್ಡ ಇತ್ತು."

"ಗಿಡ್ಡ ಹೇಗಾಗುತ್ತೆ? ಅಪ್ಪ ಅಳೆದದ್ದು!" ಎಂದ ಗಂಡ.

"ಎಲ್ಲಿ ಅಳೆದರು? ಕಾಗದದ ಮೇಲೆ. ಮೇಲಿನಿಂದ ನೋಡಿದ ನಕ್ಷೆಯಲ್ಲಿ ಬಾಗಿಲಿಗೆ ಅಗಲ ಇರುತ್ತೆ, ಎತ್ತರ ಇರಲ್ಲ. ಕೇಬಲ್ ಹತ್ತಿ ಇಳಿಯೋದು ಅದರಲ್ಲಿ ಕಾಣಲ್ಲ. ಅತ್ತೆಯ ಅಳತೆ ಸರಿ ಇತ್ತು. ಹೊದಿಕೆ ಸುಕ್ಕಾಗಿದ್ದು ಒಳಗಿದ್ದ ಕೇಬಲ್ ಗಿಡ್ಡ ಆಗಿದ್ದಕ್ಕೆ. ಇದು ನಕ್ಷೆ ಬರೆಯೋರಿಗೆ ಮಾತ್ರ ಆಗೋ ತಪ್ಪು." ಅವಳು ಮಾವನ ಎದುರು ಕೂತಳು. ದನಿ ತಗ್ಗಿತು. "ಮಾವ, ಬೆಳಿಗ್ಗೆ ತುಂಡುಗಳು ಇನ್ನೂ ಸುರುಳಿ ಸುತ್ತಿ ಬಿದ್ದಿದ್ದವು. ಯಾರೂ ಅಳೆದಿರಲಿಲ್ಲ. ಎರಡು ಮಾರು ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಮಾವ ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು.

"ಬೇಗ ಎದ್ದು ಒಂದು ಸಲ ಹಾಸಿ ನೋಡೋಣ ಅಂತ ಬಂದೆ," ಎಂದರು. "ಮುಟ್ಟಲಿಲ್ಲ. ಕೈಕಾಲೇ ಆಡಲಿಲ್ಲ ಕಣಮ್ಮ. ರಾತ್ರಿ ತಾನೇ ಅಷ್ಟು ಜಂಬ ಕೊಚ್ಚಿಕೊಂಡಿದ್ದೆ. ಇವನು ಮತ್ತೆ ನಗ್ತಾನೆ ಅನ್ನಿಸ್ತು. ಹೊರಗಿನ ಕಳ್ಳ ಯಾರೋ ಅಂದ್ಕೊಂಡು ಸುಮ್ಮನಾಗ್ತೀರಿ ಅಂತ ಲೆಕ್ಕ ಹಾಕಿದೆ. ಮನೇಲೇ ಇನ್ಸ್‌ಪೆಕ್ಟರ್ ಇದಾಳೆ ಅನ್ನೋದು ಮರೆತೇಹೋಯ್ತು."

"ಅಪ್ಪಾ!" ಎಂದ ಗಂಡ.

"ಕೇಬಲ್ ನಿಮ್ಮದೇ ಮಾವ, ಕತ್ತರಿಸಿದ್ದಕ್ಕೆ ಕೇಸಿಲ್ಲ," ಎಂದಳು ಇನ್ಸ್‌ಪೆಕ್ಟರ್. "ಆದರೆ ನನ್ನ ತಮ್ಮ ಚೀಲ ಕಟ್ಟೋವಾಗ ನೀವು ಬಾಯಿ ಬಿಡಲಿಲ್ಲ. ಅದು ನನಗೆ ನೋವಾಯ್ತು."

ಮಾವ ಎದ್ದರು. ಮೊಣಕಾಲು ಹಿಡಿದುಕೊಂಡು ಬಾಗಿಲ ತನಕ ನಡೆದರು. ಪ್ಯಾಕೆಟ್ಟಿನ ಹೆಗಲಿನಿಂದ ಚೀಲ ಇಳಿಸಿದರು.

"ತಪ್ಪು ನಂದು ಕಣಯ್ಯಾ. ನಗೋದಿದ್ರೆ ನಕ್ಕುಬಿಡು."

ಪ್ಯಾಕೆಟ್ ನಗಲಿಲ್ಲ. ನಗು ತಡೆದದ್ದೂ ಅಲ್ಲ, ಅವನಿಗೆ ನಗು ಬರಲೇ ಇಲ್ಲ.

"ನನ್ನ ಕೇಬಲ್ಲೂ ಮುಟ್ಟಲ್ಲ ಮಾವ," ಎಂದ. "ರಾತ್ರಿನೇ ಪ್ಯಾಕೆಟ್ ಮೇಲೆ ಓದಿದೆ. ನಿಮ್ಮದಕ್ಕಿಂತ ಗಿಡ್ಡ. ಹೇಳೋಕೆ ನಾಚಿಕೆ ಆಯ್ತು."

* * *

ಮಧ್ಯಾಹ್ನದ ಬಸ್ಸು ತನ್ನ ಪಾಡಿಗೆ ತಾನು ಹೋಯಿತು.

ಪ್ಯಾಕೆಟ್ ತನ್ನ ಹೊಸ ಕೇಬಲ್ಲನ್ನು ತಾನೇ ಒಡೆದು ಮುಂದಿಟ್ಟ. ಮಾವ ಅದರ ಸಿಪ್ಪೆ ಸುಲಿದು, ಒಳಗೆ ಹೊಸೆದ ಎರಡು ಎಳೆಗಳನ್ನೂ ಒಳ್ಳೆಯ ಜಾಲರಿಯನ್ನೂ ಕಂಡು, "ಪರವಾಗಿಲ್ವೇ!" ಎಂದು ಒಪ್ಪಿಕೊಂಡರು. ಅದರಿಂದ ಬೇಕಾದಷ್ಟು ಕತ್ತರಿಸಿ ತಮ್ಮ ಎರಡು ತುಂಡುಗಳ ನಡುವೆ ಸೇರಿಸಿದರು. ಒಬ್ಬರು ತಂತಿ ಹಿಡಿದರು, ಇನ್ನೊಬ್ಬರು ಬೆಸುಗೆ ಹಾಕಿದರು. ಗಂಡ ಅಪರಾಧಿ ಭಾವದಿಂದ ಭಾವಮೈದುನನಿಗೆ ಎರಡು ಸಲ ಕಾಫಿ ತಂದುಕೊಟ್ಟ. ಅತ್ತೆಯ ಹೊದಿಕೆ ಒಂದು ಸುಕ್ಕೂ ಇಲ್ಲದೆ ಬಾಗಿಲು ಹತ್ತಿ ಇಳಿಯಿತು. ಮಾವ ಅತ್ತೆಯ ಮುಖ ನೋಡದೆ ಓಡಾಡುತ್ತಿದ್ದರು.

ಸಂಜೆ ಮೇಷ್ಟ್ರನ್ನು ಭಾವ, ಭಾವಮೈದುನ ಇಬ್ಬರೂ ಕುರ್ಚಿ ಸಮೇತ ಹೊತ್ತು ತಂದು ಮುಂದೆ ಕೂರಿಸಿದರು. ಮಾವ ಆಂಪ್ಲಿಫೈಯರ್ ಹಾಕಿದರು. ಕೆಂಪು ದೀಪ ಹೊತ್ತಿಕೊಂಡಿತು. ಎಲ್ಲರೂ ವೂಫರ್ ಕಡೆಗೇ ಕಿವಿಗೊಟ್ಟರು. ಗುಂಯ್ ಎನ್ನಲಿಲ್ಲ. ಪಿಟಕ್ ಎನ್ನಲಿಲ್ಲ. ಮಾವ ಸಂತೋಷದಿಂದ ಪ್ಯಾಕೆಟ್ಟಿನ ಬೆನ್ನಿಗೊಂದು ಗುದ್ದಿದರು.

ಚಿತ್ರ ಶುರುವಾಯಿತು. ಮೊದಲ ಗುಡುಗಿಗೆ ಮೇಷ್ಟ್ರು ಕುರ್ಚಿಯಲ್ಲೇ ಬೆಚ್ಚಿಬಿದ್ದು, ಆಮೇಲೆ ಚಪ್ಪಾಳೆ ತಟ್ಟಿದರು. ಆ ಗದ್ದಲದ ನಡುವೆ ಮಾವ ಪ್ಯಾಕೆಟ್ಟಿನ ಕಿವಿಗೆ ಬಗ್ಗಿ ಕೇಳಿದರು.

"ನಿನ್ನ ಮನೇಲಿ ಟೀವಿ ಕೋಣೆಗೆ ಬಾಗಿಲು ಎಷ್ಟಯ್ಯಾ?"

"ಎರಡು ಮಾವ. ಯಾಕೆ?"

"ಮುಂದಿನ ವಾರ ನಾನು, ನಿಮ್ಮತ್ತೆ ಇಬ್ರೂ ಬರ್ತೀವಿ. ನಾನು ಬೆಸುಗೆ ಹಾಕ್ತೀನಿ. ಅಳತೆ ಇವಳೇ ತಗೊಳ್ಳಲಿ."

ಹಿಂದಿನ ಸೀಟಿನಲ್ಲಿದ್ದ ಇನ್ಸ್‌ಪೆಕ್ಟರಿಗೆ ಅದು ಕೇಳಿಸಿತು. ಅವಳಿಗೆ ಖುಷಿಯಾಯಿತು, ಬಹಳ ಖುಷಿಯಾಯಿತು. ಕತ್ತಲಲ್ಲಿ ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡು, ಚಿತ್ರದಲ್ಲಿ ಕೊಲೆಗಾರ ಯಾರೆಂದು ಗಂಡನಿಗೆ ಆಗಲೇ ಹೇಳಿಬಿಟ್ಟಳು.