ಹೊಗೆಗೂಡಿನ ಒಂಟಿ ಬೂಟು

"ನಮ್ಮಜ್ಜ ಸತ್ತು ಮೂರು ವರ್ಷ ಆದ್ಮೇಲೂ ಭಾನುವಾರ ತಪ್ಪದೆ ಬಂದು ಚರ್ಚಿನ ಗಂಟೆ ಬಾರಿಸ್ತಿದ್ದ. ಬಿಯರ್ ಕೊಟ್ರೆ ಮಾತ್ರ ಬೇಡ ಅಂತಿದ್ದ. ಪಕ್ಕೆಲುಬಿನ ಸಂದಿಯಿಂದ ಸೋರಿಹೋಗೋದು, ನೋಡಿ!"

ಮುದುಕ ಸೈಲಸ್ ಮಜ್ ಹೀಗೆಂದಾಗ ಹಾರೊಕೋಂಬ್ ಹಳ್ಳಿಯ ಪಬ್ಬಿನಲ್ಲಿ ಯಾರೂ ತಲೆಯೆತ್ತಲಿಲ್ಲ. ಅವನ ಬಾಯಿಗೆ ಬೀಗವಿರಲಿಲ್ಲ, ಆ ಬಾಯಿಗೆ ಊರಲ್ಲಿ ಕಿವಿಯೂ ಉಳಿದಿರಲಿಲ್ಲ.

ನಕ್ಕವನು ಲಯೊನೆಲ್ ಪೆಂಬರ್ ಒಬ್ಬನೇ. ತನ್ನ ಮುತ್ತಜ್ಜಂದಿರು ಬಾಳಿದ ಮನೆಯೆಂದು, ಪಬ್ಬಿನ ಗೋಡೆಗೆ ಒತ್ತಿಕೊಂಡಿದ್ದ ಅದನ್ನು ಕೊಂಡು ಲಂಡನ್ನಿನಿಂದ ಬಂದವನು. ಅಂದು ಬೆಳಿಗ್ಗೆ ಹೊಗೆಗೂಡಿನೊಳಗಿನ ಕಲ್ಲಂಚಿನ ಮೇಲೆ ಅವನಿಗೆ ಮಗುವೊಂದರ ಒಂಟಿ ಬೂಟು ಸಿಕ್ಕಿತ್ತು. ಅದನ್ನು ತಂದು ಮೇಜಿನ ಮೇಲಿಟ್ಟ.

ಸೈಲಸ್‌ನ ಮುಖ ಬಿಳಿಚಿಕೊಂಡಂತಾಯಿತು. "ವಾಪಸ್ ಇಡಿ ಸ್ವಾಮಿ. ಮನೆ ಕಾಯ್ಲಿ ಅಂತ ಹಿರಿಯರು ಇಟ್ಟಿದ್ದು. ಮೇಲಿಂದ ಇಳಿದು ಬರೋ ಪೀಡೆ ಆ ಬೂಟಲ್ಲಿ ಸಿಕ್ಕಿಹಾಕ್ಕೊಂಡಿರತ್ತೆ. ಈಗ ಅದಕ್ಕೊಂದು ಕಾಲು ಬೇಕು."

"ನನ್ನ ಕಾಲು ದೊಡ್ಡದು ತಾತ, ಹಿಡಿಸಲ್ಲ. ಇದು ನಮ್ಮ ವಂಶದ ಗುರುತು. ಚರ್ಚಿನ ಹಾಲ್‌ನಲ್ಲಿ ಗಾಜಿನ ಪೆಟ್ಟಿಗೇಲಿ ಇಡ್ತೀನಿ."

"ಪಕ್ಕದಲ್ಲಿ ನಿಮಗೂ ಒಂದು ಪೆಟ್ಟಿಗೆ ಮಾಡಿಸ್ಕೊಳ್ಳಿ ಹಾಗಾದ್ರೆ."

ಬೂಟು ಗಾಜಿನ ಪೆಟ್ಟಿಗೆ ಸೇರಿದ ಮೇಲೆ ಲಯೊನೆಲ್‌ನ ಮನೆಯ ಗಾಳಿಯೇ ಬದಲಾಯಿತು. ಒದ್ದೆ ಉಣ್ಣೆಯ ವಾಸನೆ. ಅದರಡಿಯಲ್ಲಿ ಸುಟ್ಟ ಕೂದಲಿನ ಕಮಟು. ಹೊಗೆಗೂಡಿನೊಳಗೆ ಏನೋ ಕುಂಟುತ್ತಿತ್ತು. ಟಕ್. ಮೌನ. ಮತ್ತೆ ಟಕ್. ಕಾಗೆಯಿರಬೇಕು ಎಂದುಕೊಂಡ. ಆದರೆ ಅವನ ಎಡಗಾಲು ಮಂಜಿನಂತೆ ತಣ್ಣಗಾಗುತ್ತ ಬಂತು. ಚಿವುಟಿದರೂ ಉರಿಯದಂತಾಯಿತು.

ಒಂದು ಮುಸ್ಸಂಜೆ, ಬೂಟನ್ನು ಹಾಲ್‌ನಿಂದ ತಂದು, ಮೊದಲಿದ್ದಲ್ಲೇ ಇಡಲು ಆರಿದ ಒಲೆಯೊಳಗಿಂದ ಮೇಲೇರಿದ. ಎಡಗಾಲಿಗೆ ಕಲ್ಲು ತಾಕಿದ್ದೇ ತಿಳಿಯಲಿಲ್ಲ. ಜಾರಿದ. ಒಂದು ಕೈ ಮೇಲೆ, ಒಂದು ಎದೆಗೊತ್ತಿ, ಇಕ್ಕಟ್ಟಿನಲ್ಲಿ ಬೆಣೆ ಹೊಡೆದಂತೆ ಸಿಕ್ಕಿಬಿದ್ದ. ಬಾಯಿ ತುಂಬ ಮಸಿ. ಕಣ್ಣ ತುಂಬ ಕತ್ತಲು.

ತೆಳ್ಳನೆಯ ಇಟ್ಟಿಗೆ ಗೋಡೆಯಾಚೆಗೇ ಪಬ್ಬಿನ ಹೊಗೆಗೂಡು. ಸೈಲಸ್ ಇವನ ಕತೆಯನ್ನೇ ಹೇಳುತ್ತಿದ್ದ. ಲಯೊನೆಲ್ ಜೀವಹೋಗುವಂತೆ ಕಿರುಚಿದ. ಆಚೆ ಗಪ್ಪೆಂದಿತು.

ಉಳಿದೆ ಎಂದುಕೊಂಡ.

"ಕೇಳಿದ್ರಾ?" ಸೈಲಸ್‌ನ ದನಿ. "ಬಂತು! ಪೆಂಬರ್ ದನಿ ಕದ್ದಿದೆ. ಓಗೊಟ್ರೆ ನಾಲಿಗೆ ಕಿತ್ಕೊಳ್ಳತ್ತೆ!"

"ಅಯ್ಯೋ ದೇವ್ರೇ, ಈಗೇನ್ ಮಾಡೋದು ಮಾವ?" ಪಬ್ಬಿನೊಡತಿ ಹಿಲ್ಡಾ.

"ಒಲೆಗೆ ಹಸಿ ಸೌದೆ ಒಟ್ಟು. ಹೊಗೆಗೆ ಓಡತ್ತೆ."

ಇಟ್ಟಿಗೆಯ ಬಿರುಕುಗಳಲ್ಲಿ ಹೊಗೆ ನುಗ್ಗಿತು. ಮೂಗಿಗೆ. ಗಂಟಲಿಗೆ. ಎದೆಗೆ. "ನಾನು! ಪೆಂಬರ್!"

"ನೋಡ್ರಪ್ಪಾ, ಹೆಸರೂ ಹೇಳತ್ತೆ!"

ಕೆಮ್ಮಿದ. ಕೆಮ್ಮಲೂ ಉಸಿರಿಲ್ಲ. ಉಗುರು ಇಟ್ಟಿಗೆಗೆ ಕಿತ್ತುಬಂತು. ಕಿರುಚಿದ. ಸದ್ದೇ ಬರಲಿಲ್ಲ.

ಪಾಪ ಪೆಂಬರ್‌ಗೆ ಪೀಡೆಯ ವಿಷಯ ಹೇಳಿಬರೋಣವೆಂದು ಅವನ ಮನೆಗೆ ಬಂದ ಹಿಲ್ಡಾ, ಒಲೆಯ ಮೇಲೆ ನೇತಾಡುತ್ತಿದ್ದ ಎರಡು ಕಾಲುಗಳನ್ನು ಕಂಡಳು. ಜನ ಓಡಿಬಂದು ಎಳೆದುಹಾಕಿದರು. ಅವನ ಕಣ್ಣು ತೆರೆದಿತ್ತು, ಕಿವಿ ಇನ್ನೂ ಕೇಳುತ್ತಿತ್ತು. ಉಸಿರು ಮಾತ್ರ ನೂಲಿನೆಳೆ.

"ನೋಡಿದ್ರಾ, ಬೂಟು ಹೇಗೆ..." ಎಂದು ಸೈಲಸ್ ಶುರುಮಾಡಿದ. ಹಿಲ್ಡಾ ಅವನ ಕೊರಳಪಟ್ಟಿ ಹಿಡಿದಳು.

"ಇವನದೇ ದನಿ ಅಂತ ನಿಂಗೆ ಗೊತ್ತಿತ್ತಾ? ನಿಜ ಬೊಗಳು!"

ಸೈಲಸ್ ಸುತ್ತ ನೋಡಿದ. ಈ ಸಲ ಯಾರೂ ಕಣ್ಣು ತಪ್ಪಿಸಲಿಲ್ಲ.

"ಗೊತ್ತಿತ್ತು," ಎಂದ. "ಬೂಟಿನ ಶಾಪದ ಕತೇನೂ ನಾನೇ ಕಟ್ಟಿದ್ದು. ಆದ್ರೆ ಹಿಲ್ಡಾ... ಎಲ್ರೂ ಕಿವಿಗೊಟ್ಟು ನನ್ನ ಮಾತು ಕೇಳ್ತಿದ್ರು ಕಣೇ. ಒಬ್ರೂ ಗ್ಲಾಸ್ ಎತ್ಲಿಲ್ಲ."