ಅಮ್ಮನ ಪಾತ್ರೆಗೆ ಕೂತ ಮುಚ್ಚಳ

ಗುಜರಿಯಲ್ಲಿ ಸಿಕ್ಕ ಮುಚ್ಚಳವನ್ನು ಅಮ್ಮನ ಎರಕದ ಕಬ್ಬಿಣದ ಪಾತ್ರೆಯ ಮೇಲಿಟ್ಟು ನಿಧಾನವಾಗಿ ತಿರುಗಿಸುತ್ತಿದ್ದೆ. ಅಮ್ಮ ತೀರಿಹೋದಂದಿನಿಂದ ಅದರ ಮುಚ್ಚಳ ಕಾಣೆಯಾಗಿತ್ತು. ಜೋಡಿ ಸಿಕ್ಕರೆ ಪಾತ್ರೆ ತನಗೇ ಬೇಕೆಂದು ಅಕ್ಕ ಹಟ ಹಿಡಿದಿದ್ದಳು.

"ಮುಚ್ಚಳ ಕೂತ್ಕೊಳ್ತೇನೋ, ಗುಜರಿ ದೊರೆ?" ಎಂದು ಅಕ್ಕ ಛೇಡಿಸಿದಳು.

ಮುಚ್ಚಳ ಒಂದಿಷ್ಟೂ ಅಲುಗದೆ ಕೂತಿತು. ಎತ್ತಿ ನೋಡಿದರೆ ಅದರ ಒಳಮೈಯಲ್ಲೆಲ್ಲ ಬಿಸಿಬಿಸಿ ಹನಿಗಳು. ಒಲೆ ಹಚ್ಚಿರಲೇ ಇಲ್ಲ. ಖಾಲಿ ಪಾತ್ರೆ ತಣ್ಣಗೆ ಕೊರೆಯುತ್ತಿತ್ತು. ಒರೆಸಿ ಮತ್ತೆ ಮುಚ್ಚಿದೆ. ಈ ಸಲ ಒಳಗಿನಿಂದ ಟಕ್ ಟಕ್ ಎಂದಿತು. ಸಾರು ಕೈಯಾಡಿಸಿದ ಮೇಲೆ ಅಮ್ಮ ಸೌಟನ್ನು ಪಾತ್ರೆಯ ಅಂಚಿಗೆ ಹೀಗೇ ಬಡಿಯುತ್ತಿದ್ದಳು.

ಅಕ್ಕನ ಮುಖ ಬಿಳಿಚಿಕೊಂಡಿತು.

"ಜೋಡಿ ಆಯ್ತಲ್ಲಕ್ಕ, ತಗೊಂಡು ಹೋಗು," ಎಂದೆ. ನನಗೂ ಅದು ಮನೆಯಲ್ಲಿ ಬೇಡವಾಗಿತ್ತು.

"ಅಮ್ಮನ ಅಡುಗೆ ಇನ್ನೂ ಮುಗಿದಿಲ್ಲ ಕಣೋ," ಎಂದು ಅಕ್ಕ ಬಾಗಿಲ ಕಡೆ ಸರಿದಳು. "ನಂಗೆ ಬೇಡ."